ಆಸ್ಪತ್ರೆ ಸಿಬ್ಬಂದಿಯ ರೋಗಾಣು ತಪಾಸಣೆ ಶಿಕ್ಷೆಯ ಭಯವಿಲ್ಲದೆ ನಡೆಯಲಿ

ಮಾನ್ಯ ಸಂಪಾದಕರೆ,

ಒಂದು ಕಾಯಿಲೆಗೆಂದು ಆಸ್ಪತ್ರೆ ಸೇರಿದವರು ಅಲ್ಲಿ ಮತ್ತೊಂದು ಸೋಂಕನ್ನು ಅಂಟಿಸಿಕೊಂಡು, ಅದು ಯಾವ ಔಷಧಕ್ಕೂ ಜಗ್ಗದೆ ವಾರಗಟ್ಟಲೆ ನರಳಿದ ಸುದ್ದಿ ಬಂದಾಗಲೆಲ್ಲ ಚರ್ಚೆ ಎರಡು ಆಕ್ಷೇಪಗಳ ಸುತ್ತಲೇ ಸುತ್ತುತ್ತದೆ. ಆಸ್ಪತ್ರೆಯಲ್ಲಿ ಶುಚಿತ್ವವಿರಲಿಲ್ಲ ಎಂಬುದು ಒಂದು. ವೈದ್ಯರು ಆ್ಯಂಟಿಬಯಾಟಿಕ್‌ಗಳನ್ನು ವಿವೇಚನೆಯಿಲ್ಲದೆ ಬರೆದುಕೊಟ್ಟರು ಎಂಬುದು ಇನ್ನೊಂದು. ಎರಡರಲ್ಲೂ ಸತ್ಯಾಂಶ ಇರಬಹುದು. ಆದರೆ ಔಷಧಕ್ಕೆ ಮಣಿಯದ ಬ್ಯಾಕ್ಟೀರಿಯಾಗಳನ್ನು ತಮಗೇ ಗೊತ್ತಿಲ್ಲದಂತೆ ಮೈಮೇಲೆ ಹೊತ್ತು ಓಡಾಡುವ ಆಸ್ಪತ್ರೆ ಸಿಬ್ಬಂದಿಯ ವಿಷಯವನ್ನು ಹೆಚ್ಚಿನವರು ಎತ್ತುವುದಿಲ್ಲ. ಎತ್ತಿದರೂ ಅದು ದೂಷಣೆಯ ರೂಪದಲ್ಲೇ ಇರುತ್ತದೆ. ಸೋಂಕು ನಿಯಂತ್ರಣ ವಿಭಾಗದಲ್ಲಿ ಬಹುಕಾಲ ಶುಶ್ರೂಷಕಿಯಾಗಿದ್ದು ಈಗ ನಿವೃತ್ತಳಾಗಿರುವ ನಾನು, ಈ ವಿಷಯ ನಿಮ್ಮ ಓದುಗರಿಗೆ ಸರಿಯಾಗಿ ತಿಳಿಯಲಿ ಎಂಬ ಕಳಕಳಿಯಿಂದ ಈ ಪತ್ರ ಬರೆಯುತ್ತಿದ್ದೇನೆ.

ಮೊದಲಿಗೆ, ಬ್ಯಾಕ್ಟೀರಿಯಾವನ್ನು ಹೊತ್ತಿರುವುದಕ್ಕೂ ಅದರಿಂದ ಕಾಯಿಲೆ ಬೀಳುವುದಕ್ಕೂ ಇರುವ ವ್ಯತ್ಯಾಸವನ್ನು ಹೇಳಬೇಕು. ಸ್ಟ್ಯಾಫಿಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ಆರೋಗ್ಯವಂತರಲ್ಲಿ ಸುಮಾರು ಮೂರರಲ್ಲೊಬ್ಬರ ಮೂಗಿನ ಹೊಳ್ಳೆಯ ಮುಂಭಾಗದಲ್ಲಿ ನೆಲೆಸಿರುತ್ತದೆ. ಗಂಟಲು, ಕಂಕುಳು, ತೊಡೆಸಂದುಗಳಲ್ಲೂ ಇರಬಹುದು. ಹೊತ್ತವರಿಗೆ ಅದರಿಂದ ತೊಂದರೆಯಿಲ್ಲ. ಜ್ವರವಿಲ್ಲ, ಕೀವಿಲ್ಲ, ನೋವಿಲ್ಲ. ಅದೇ ಬ್ಯಾಕ್ಟೀರಿಯಾ ಶಸ್ತ್ರಚಿಕಿತ್ಸೆಯ ಗಾಯದೊಳಕ್ಕೋ, ರಕ್ತನಾಳಕ್ಕೆ ಹಾಕಿದ ನಳಿಕೆಯ ಮೂಲಕ ರಕ್ತಕ್ಕೋ, ದಿನ ತುಂಬುವ ಮೊದಲೇ ಹುಟ್ಟಿದ ಮಗುವಿನ ತೆಳು ಚರ್ಮದ ಬಿರುಕಿಗೋ ಸೇರಿದರೆ ಪ್ರಾಣಕ್ಕೇ ಎರವಾಗಬಲ್ಲದು. ಈ ಬ್ಯಾಕ್ಟೀರಿಯಾದ ಒಂದು ಬಗೆ ಪೆನಿಸಿಲಿನ್ ಗುಂಪಿನ ಬಹುತೇಕ ಔಷಧಗಳಿಗೆ ಮಣಿಯುವುದಿಲ್ಲ. ಅದನ್ನೇ ಎಂಆರ್‌ಎಸ್‌ಎ ಎನ್ನುತ್ತಾರೆ. ಪೆನಿಸಿಲಿನ್‌ಗೆ ಬಗ್ಗದ ಸ್ಟ್ಯಾಫಿಲೊಕಾಕಸ್‌ಗೆಂದೇ ತಯಾರಿಸಿದ ಮೆಥಿಸಿಲಿನ್ ಬಳಕೆಗೆ ಬಂದು ಎರಡು ವರ್ಷ ಕಳೆಯುವುದರೊಳಗೆ, 1961ರಲ್ಲಿ, ಅದಕ್ಕೂ ಮಣಿಯದ ತಳಿ ಬ್ರಿಟನ್ನಿನಲ್ಲಿ ವರದಿಯಾಯಿತು. ಬ್ಯಾಕ್ಟೀರಿಯಾದ ಕೋಶಗೋಡೆಯನ್ನು ಕಟ್ಟುವ ಪ್ರೋಟೀನ್‌ಗೆ ಅಂಟಿಕೊಂಡು ಆ ಕೆಲಸವನ್ನು ನಿಲ್ಲಿಸುವುದು ಈ ಔಷಧಗಳ ಕ್ರಮ. ಎಂಆರ್‌ಎಸ್‌ಎ ತನ್ನಲ್ಲಿರುವ ಒಂದು ವಂಶವಾಹಿಯ ಬಲದಿಂದ, ಔಷಧ ಸುಲಭವಾಗಿ ಅಂಟದಂಥ ಬೇರೊಂದು ಪ್ರೋಟೀನನ್ನು ತಯಾರಿಸಿಕೊಂಡು ಗೋಡೆ ಕಟ್ಟುವುದನ್ನು ಮುಂದುವರಿಸುತ್ತದೆ.

ಹೀಗೆ ಹೊತ್ತಿರುವ ಸಿಬ್ಬಂದಿ ಎಷ್ಟು ಮಂದಿ ಎಂಬುದಕ್ಕೆ ಒಂದು ಅಂದಾಜಿದೆ. 37 ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2008ರಲ್ಲಿ ಪ್ರಕಟವಾದ ಪರಾಮರ್ಶೆಯೊಂದರಲ್ಲಿ, ತಪಾಸಣೆಗೆ ಒಳಗಾದ 33,318 ಆರೋಗ್ಯ ಸಿಬ್ಬಂದಿಯಲ್ಲಿ ಶೇ 4.6ರಷ್ಟು ಮಂದಿಯಲ್ಲಿ ಎಂಆರ್‌ಎಸ್‌ಎ ಕಂಡುಬಂದಿತ್ತು. ಹಾಗೆ ಕಂಡುಬಂದವರಲ್ಲಿ ಸೋಂಕಿನ ಲಕ್ಷಣಗಳಿದ್ದವರು ಸುಮಾರು 20ಕ್ಕೆ ಒಬ್ಬರು ಮಾತ್ರ. ಉಳಿದವರೆಲ್ಲ ಆರೋಗ್ಯವಾಗಿಯೇ ಇದ್ದವರು, ದಿನನಿತ್ಯ ಕೆಲಸಕ್ಕೆ ಬರುತ್ತಿದ್ದವರು. ತಪಾಸಣೆ ಮಾಡದೆ ಇಂಥವರನ್ನು ಗುರುತಿಸಲು ಬೇರೆ ದಾರಿಯೇ ಇಲ್ಲ.

ಆದರೆ ಈ ಅಂಕಿಯನ್ನು ಓದುವಾಗಲೂ ಎಚ್ಚರ ಬೇಕು. ಪಾಳಿ ಮುಗಿಸಿ ಬಂದ ಶುಶ್ರೂಷಕಿಯ ಮೂಗಿನಿಂದ ಸ್ವಾಬ್ ತೆಗೆದರೆ, ಆ ದಿನ ರೋಗಿಯಿಂದ ಅಂಟಿದ ಬ್ಯಾಕ್ಟೀರಿಯಾ ಕಾಣಿಸಿಕೊಂಡು, ಮರುದಿನ ಬೆಳಗಿನ ಹೊತ್ತಿಗೆ ತಾನಾಗಿ ಮಾಯವಾಗಿರಬಹುದು. ಅದು ಬರೀ ಬಂದುಹೋಗುವ ಅಂಟು. ತಿಂಗಳುಗಟ್ಟಲೆ ನೆಲೆಯೂರುವುದು ಬೇರೆ. ಇವೆರಡನ್ನು ಬೇರ್ಪಡಿಸಬೇಕಾದರೆ ಕೆಲಸ ಆರಂಭಿಸುವ ಮೊದಲೇ ಸ್ವಾಬ್ ತೆಗೆಯಬೇಕು. ಸಂದೇಹವಿದ್ದರೆ ಮತ್ತೊಮ್ಮೆ ತೆಗೆಯಬೇಕು. ಒಂದೇ ವರದಿ ಹಿಡಿದುಕೊಂಡು ಒಬ್ಬರಿಗೆ ಹಣೆಪಟ್ಟಿ ಹಚ್ಚುವುದು ವೈಜ್ಞಾನಿಕವಾಗಿಯೂ ತಪ್ಪು, ಮಾನವೀಯವಾಗಿಯೂ ತಪ್ಪು. ಇನ್ನೂ ಮುಖ್ಯವಾದುದು, ಬ್ಯಾಕ್ಟೀರಿಯಾ ಯಾರಿಂದ ಯಾರಿಗೆ ಬಂತು ಎಂಬ ಪ್ರಶ್ನೆ. ರೋಗಿಯಲ್ಲೂ ಸಿಬ್ಬಂದಿಯಲ್ಲೂ ಒಂದೇ ತಳಿ ಸಿಕ್ಕಿತು ಎಂದಾಕ್ಷಣ ಸಿಬ್ಬಂದಿಯೇ ರೋಗಿಗೆ ಕೊಟ್ಟರು ಎಂದು ಹೇಳಲಾಗದು. ಗಾಯದ ಡ್ರೆಸ್ಸಿಂಗ್ ಬದಲಿಸುತ್ತ, ಕಫ ತೆಗೆಯುತ್ತ, ಹಾಸಿಗೆ ಹಿಡಿದವರನ್ನು ಮಗ್ಗುಲು ಹೊರಳಿಸುತ್ತ ದಿನವಿಡೀ ದುಡಿಯುವವರು ಸೋಂಕನ್ನು ಕೊಡುವುದಕ್ಕಿಂತ ಪಡೆಯುವ ಸಂದರ್ಭಗಳೇ ಹೆಚ್ಚು ಎಂಬುದು ನನ್ನ ಅನುಭವ.

ಎಲ್ಲ ಬ್ಯಾಕ್ಟೀರಿಯಾಗಳೂ ಮೂಗಿನಲ್ಲೇ ಮನೆ ಮಾಡುವುದಿಲ್ಲ. ತೀವ್ರ ನಿಗಾ ಘಟಕಗಳನ್ನು ಇಂದು ಹೆಚ್ಚು ಕಾಡುತ್ತಿರುವ ಕ್ಲೆಬ್ಸಿಯೆಲ್ಲಾ ಮತ್ತು ಅಸಿನೆಟೊಬ್ಯಾಕ್ಟರ್‌ಗಳು, ಕೊನೆಯ ಅಸ್ತ್ರವೆಂದು ಕಾದಿಟ್ಟ ಕಾರ್ಬಪೆನೆಮ್ ಔಷಧಗಳಿಗೂ ಮಣಿಯದ ಹಂತ ತಲುಪಿರುವಂಥವು, ಮುಖ್ಯವಾಗಿ ಕೈಗಳ ಮೂಲಕವೇ ಹರಡುತ್ತವೆ. ಅಸಿನೆಟೊಬ್ಯಾಕ್ಟರ್ ಒಣ ಮೇಲ್ಮೈಯಲ್ಲೂ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಬದುಕಿರಬಲ್ಲದು. ಮಂಚದ ಕಂಬಿ, ಡ್ರಿಪ್ ಸ್ಟ್ಯಾಂಡು, ಮಾನಿಟರಿನ ಗುಂಡಿ, ಸಿಬ್ಬಂದಿಯ ಮೊಬೈಲು, ಯಾವುದನ್ನು ಮುಟ್ಟಿದರೂ ಅದು ಕೈಗೆ ಬರುತ್ತದೆ. ವೈದ್ಯರ ಸ್ಟೆತಾಸ್ಕೋಪ್ ಕೂಡ ಇದಕ್ಕೆ ಹೊರತಲ್ಲ. ರೋಗಿಯನ್ನು ಪರೀಕ್ಷಿಸಿದ ಮೇಲೆ ಅದರ ಬಿಲ್ಲೆಯ ಮೇಲಿರುವ ಬ್ಯಾಕ್ಟೀರಿಯಾಗಳು ಬೆರಳ ತುದಿಗಿಂತ ಕಡಿಮೆಯಿದ್ದರೂ ಅಂಗೈಯ ಉಳಿದ ಭಾಗಗಳಿಗಿಂತ ಹೆಚ್ಚು ಎಂದು ಜಿನೀವಾದ ಸಂಶೋಧಕರು 2014ರಲ್ಲಿ ತೋರಿಸಿಕೊಟ್ಟರು. ರೌಂಡ್ಸ್‌ನಲ್ಲಿ ಒಂದು ಮಂಚದಿಂದ ಮತ್ತೊಂದಕ್ಕೆ ಹೋಗುವಾಗ ಅದನ್ನು ಒರೆಸುವ ವೈದ್ಯರು ಇಂದಿಗೂ ವಿರಳ. ಉದ್ದನೆಯ ಅಥವಾ ಅಂಟಿಸಿದ ಕೃತಕ ಉಗುರುಗಳ ಅಡಿಯಲ್ಲಿ ಬ್ಯಾಕ್ಟೀರಿಯಾಗಳು ತೊಳೆದರೂ ಹೋಗದೆ ಉಳಿಯುತ್ತವೆ. ನವಜಾತ ಶಿಶುಗಳ ಘಟಕಗಳಲ್ಲಿ ಸೂಡೊಮೊನಾಸ್ ಸೋಂಕು ಹರಡಿದ ಪ್ರಕರಣಗಳಿಗೂ ಇಂಥ ಉಗುರುಗಳಿಗೂ ನಂಟಿರುವುದು ದಾಖಲಾಗಿದೆ.

ಕೈಗವಸಿನ ಬಗ್ಗೆ ಒಂದು ಮಾತು ಹೇಳಲೇಬೇಕು, ಏಕೆಂದರೆ ರೋಗಿಗಳ ಕಡೆಯವರು ಅದನ್ನು ಕಂಡು ನೆಮ್ಮದಿಪಡುತ್ತಾರೆ. ವಾರ್ಡಿನಲ್ಲಿ ನಾನು ಪದೇ ಪದೇ ಕಂಡ ದೃಶ್ಯವಿದು: ಗ್ಲೌಸ್ ತೊಟ್ಟ ಕೈ ಮೊದಲು ಮೂತ್ರದ ಚೀಲವನ್ನು ಖಾಲಿ ಮಾಡುತ್ತದೆ, ಅದೇ ಗ್ಲೌಸ್‌ನಲ್ಲಿ ಹೊದಿಕೆ ಸರಿಪಡಿಸುತ್ತದೆ, ಅಷ್ಟರಲ್ಲಿ ಪಕ್ಕದ ಮಂಚದ ಡ್ರಿಪ್ ನಿಂತಿತೆಂದು ಯಾರೋ ಕೂಗುತ್ತಾರೆ, ಅದೇ ಗ್ಲೌಸ್ ಹೋಗಿ ಆ ರೋಗಿಯ ಕ್ಯಾನುಲಾದ ಮುಚ್ಚಳ ತಿರುಗಿಸುತ್ತದೆ. ಗ್ಲೌಸ್ ಕಾಪಾಡಿದ್ದು ಅದನ್ನು ತೊಟ್ಟವರನ್ನು ಮಾತ್ರ. ಅದನ್ನು ಕಳಚಿ, ಕೈಯನ್ನು ಶುಚಿ ಮಾಡಿಕೊಂಡು, ಹೊಸದನ್ನು ತೊಡದೆ ಹೋದರೆ ಬರಿಗೈಗೂ ಅದಕ್ಕೂ ವ್ಯತ್ಯಾಸವಿಲ್ಲ. ನಿಜ ಹೇಳಬೇಕೆಂದರೆ ಬರಿಗೈಯೇ ಮೇಲು. ಅಂಟಿದ ಗಲೀಜು ಚರ್ಮಕ್ಕೆ ಗೊತ್ತಾಗುತ್ತದೆ, ತೊಳೆಯಬೇಕೆನಿಸುತ್ತದೆ.

ಇದನ್ನೆಲ್ಲ ಓದಿದವರು, ಹಾಗಾದರೆ ಸಿಬ್ಬಂದಿಯದೇ ತಪ್ಪಲ್ಲವೇ ಎಂದು ಕೇಳಬಹುದು. ಒಂದು ಲೆಕ್ಕ ಹಾಕೋಣ. ರೋಗಿಯನ್ನು ಮುಟ್ಟುವ ಮೊದಲು, ಸೋಂಕುರಹಿತವಾಗಿ ಮಾಡಬೇಕಾದ ಕೆಲಸಕ್ಕೆ ಮೊದಲು, ದೇಹದ್ರವಗಳ ಸಂಪರ್ಕವಾದ ಮೇಲೆ, ರೋಗಿಯನ್ನು ಮುಟ್ಟಿದ ಮೇಲೆ, ರೋಗಿಯ ಸುತ್ತಲಿನ ವಸ್ತುಗಳನ್ನು ಮುಟ್ಟಿದ ಮೇಲೆ ಹೀಗೆ ಐದು ಸಂದರ್ಭಗಳಲ್ಲಿ ಕೈ ಶುಚಿ ಮಾಡಿಕೊಳ್ಳಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆಲ್ಕೋಹಾಲ್ ದ್ರಾವಣವಾದರೆ ಪ್ರತಿ ಬಾರಿ 20ರಿಂದ 30 ಸೆಕೆಂಡು, ಸೋಪು ನೀರಾದರೆ 40ರಿಂದ 60 ಸೆಕೆಂಡು ಬೇಕು. ತೀವ್ರ ನಿಗಾ ಘಟಕದಲ್ಲಿ ಗಂಟೆಗೆ 20 ಬಾರಿ ಇಂಥ ಸಂದರ್ಭ ಬರುವುದು ಅಪರೂಪವಲ್ಲ. ಸೋಪು ನೀರಿನಲ್ಲೇ ತೊಳೆಯುವುದಾದರೆ ಗಂಟೆಯಲ್ಲಿ 20 ನಿಮಿಷದವರೆಗೆ ಅದಕ್ಕೇ ಹೋಗುತ್ತದೆ; ತೊಟ್ಟಿಯವರೆಗೆ ನಡೆದು ಹೋಗಿ ಬರುವ ಸಮಯ ಬೇರೆ. ಇಬ್ಬರು ಮಾಡಬೇಕಾದ ಕೆಲಸವನ್ನು ಒಬ್ಬರ ಹೆಗಲಿಗೆ ಹೇರಿ, ವಾರ್ಡಿನ ಒಂದು ಮೂಲೆಯಲ್ಲಿ ಒಂದೇ ನಲ್ಲಿ ಇಟ್ಟು, ಗೋಡೆಯ ಮೇಲೆ ಕೈ ತೊಳೆಯಿರಿ ಎಂಬ ಭಿತ್ತಿಪತ್ರ ಅಂಟಿಸಿದರೆ ಆಡಳಿತದ ಹೊಣೆ ತೀರಿತೇ?

ವ್ಯವಸ್ಥೆ ಬದಲಾದರೆ ನಡವಳಿಕೆಯೂ ಬದಲಾಗುತ್ತದೆ ಎಂಬುದಕ್ಕೆ ಜಿನೀವಾದ ವಿಶ್ವವಿದ್ಯಾಲಯ ಆಸ್ಪತ್ರೆಯೇ ಸಾಕ್ಷಿ. ಅಲ್ಲಿ 1990ರ ದಶಕದ ನಡುಭಾಗದಲ್ಲಿ ಪ್ರತಿ ಮಂಚದ ಬಳಿಯೂ ಆಲ್ಕೋಹಾಲ್ ದ್ರಾವಣ ಇಟ್ಟು, ಆಡಳಿತದ ಹಿರಿಯರು ಬೆಂಬಲಕ್ಕೆ ನಿಂತು, ನಿರಂತರ ಜಾಗೃತಿ ಕಾರ್ಯಕ್ರಮ ನಡೆಸಿದರು. ಕೈ ಶುಚಿತ್ವದ ಪಾಲನೆ ಶೇ 48ರಿಂದ ಶೇ 66ಕ್ಕೆ ಏರಿತು. ಆಸ್ಪತ್ರೆಯಲ್ಲಿ ತಗಲುವ ಸೋಂಕಿನ ಪ್ರಮಾಣ ಶೇ 16.9ರಿಂದ ಶೇ 9.9ಕ್ಕೆ ಇಳಿಯಿತು, ಎಂಆರ್‌ಎಸ್‌ಎ ಹರಡುವಿಕೆ ಅರ್ಧಕ್ಕಿಂತಲೂ ಕಡಿಮೆಯಾಯಿತು. ಸಿಬ್ಬಂದಿಯನ್ನು ಬೈದು ಸಾಧಿಸಿದ್ದಲ್ಲ ಇದು. ಪಾಲನೆ ಶೇ 66ಕ್ಕೆ ನಿಂತಿತೇ ಹೊರತು ನೂರು ಮುಟ್ಟಲಿಲ್ಲ ಎಂಬುದನ್ನೂ ಗಮನಿಸಬೇಕು. ಅಷ್ಟರಿಂದಲೇ ಇಷ್ಟು ಜೀವಗಳಿಗೆ ಒಳಿತಾಯಿತು.

ಕೈ ತೊಳೆದು ತೊಳೆದು ಶುಶ್ರೂಷಕಿಯರ ಕೈ ಏನಾಗುತ್ತದೆ ಎಂಬುದನ್ನು ಹೊರಗಿನವರು ನೋಡಿರುವುದಿಲ್ಲ. ಗೆಣ್ಣುಗಳ ಮೇಲೆ ಚರ್ಮ ಕೆಂಪಾಗಿ, ಒಣಗಿ, ಬಿರುಕು ಬಿಟ್ಟು ರಕ್ತ ಜಿನುಗುತ್ತದೆ. ಆಲ್ಕೋಹಾಲ್ ತಗುಲಿದರೆ ಉರಿ ತಡೆಯಲಾಗದೆ ಕೈ ಹಿಂದೆಗೆಯುತ್ತದೆ. ಇಂಥ ಬಿರುಕಿನ ಚರ್ಮದಲ್ಲಿ ಸ್ಟ್ಯಾಫಿಲೊಕಾಕಸ್ ಸುಲಭವಾಗಿ ನೆಲೆಯೂರುತ್ತದೆ. ಹಾಗಾಗಿ ಯಾರು ಹೆಚ್ಚು ಶ್ರದ್ಧೆಯಿಂದ ತೊಳೆಯುತ್ತಾರೋ ಅವರೇ ವಾಹಕರಾಗುವ ಅಪಾಯವೂ ಇದೆ. ಚರ್ಮವನ್ನು ಮೃದುವಾಗಿಡುವ ಅಂಶ ಸೇರಿಸಿದ ದ್ರಾವಣವನ್ನೇ ಕೊಂಡು ತರುವುದು, ಪಾಳಿ ಮುಗಿಸಿ ಹೊರಡುವಾಗ ಹಚ್ಚಿಕೊಳ್ಳಲು ಮುಲಾಮು ಒದಗಿಸುವುದು, ಕೈಹುಣ್ಣು ಇರುವವರಿಗೆ ವಾಸಿಯಾಗುವ ತನಕ ರೋಗಿಯನ್ನು ಮುಟ್ಟದ ಕೆಲಸ ಕೊಡುವುದು ದೊಡ್ಡ ಖರ್ಚಿನ ಮಾತಲ್ಲ. ಹಾಗೆಯೇ ನೆಗಡಿ. ಮೂಗಿನಲ್ಲಿ ಸ್ಟ್ಯಾಫಿಲೊಕಾಕಸ್ ಇರುವ ಕೆಲವರಿಗೆ ನೆಗಡಿಯಾದಾಗ ಅದು ಸುತ್ತಲಿನ ಗಾಳಿಗೆ ಹಲವು ಪಟ್ಟು ಹೆಚ್ಚು ಚೆಲ್ಲುತ್ತದೆ ಎಂಬುದು ಗೊತ್ತಿರುವ ಸಂಗತಿ. ರಜೆ ಕೇಳಿದರೆ ಮುಖ ಗಂಟಿಕ್ಕುವ ಕಡೆ ಸಿಬ್ಬಂದಿ ಸೀನುತ್ತಲೇ ಕೆಲಸಕ್ಕೆ ಬರುತ್ತಾರೆ. ಔಷಧದ ಕಪಾಟು ಕೈಗೆಟುಕುವಂತಿರುವುದರಿಂದ ವೈರಾಣುವಿನ ನೆಗಡಿಗೂ ಆ್ಯಂಟಿಬಯಾಟಿಕ್ ನುಂಗಿ, ಔಷಧಕ್ಕೆ ಮಣಿಯುವ ಬ್ಯಾಕ್ಟೀರಿಯಾಗಳನ್ನು ಕೊಂದು ಮಣಿಯದವುಗಳಿಗೆ ಜಾಗ ಮಾಡಿಕೊಡುತ್ತಾರೆ.

ಇನ್ನು ತಪಾಸಣೆಯ ವಿಷಯ. ಎಲ್ಲ ಸಿಬ್ಬಂದಿಯನ್ನೂ ತಿಂಗಳಿಗೊಮ್ಮೆ ಪರೀಕ್ಷಿಸಬೇಕು ಎಂಬ ಸಲಹೆಯನ್ನು ನಾನು ಒಪ್ಪುವುದಿಲ್ಲ. ಬಂದುಹೋಗುವ ಅಂಟನ್ನೂ ಲೆಕ್ಕಕ್ಕೆ ತೆಗೆದುಕೊಂಡು, ಸಿಕ್ಕಸಿಕ್ಕವರಿಗೆಲ್ಲ ಮೂಗಿಗೆ ಮುಪಿರೋಸಿನ್ ಮುಲಾಮು ಹಚ್ಚಿದರೆ ಆ ಮುಲಾಮಿಗೂ ಮಣಿಯದ ತಳಿಗಳು ಬೆಳೆಯುತ್ತವೆ. ಈಗಾಗಲೇ ಬೆಳೆದಿವೆ ಕೂಡ. ಆದರೆ ಒಂದೇ ವಾರ್ಡಿನಲ್ಲಿ ಒಂದೇ ತಳಿಯ ಸೋಂಕು ಮತ್ತೆ ಮತ್ತೆ ಕಾಣಿಸಿಕೊಂಡು, ಕೈ ಶುಚಿತ್ವ ಹಾಗೂ ವಾರ್ಡಿನ ಸ್ವಚ್ಛತೆಯನ್ನು ಬಿಗಿಗೊಳಿಸಿದ ಮೇಲೂ ನಿಲ್ಲದಿದ್ದರೆ ಅಲ್ಲಿ ಕೆಲಸ ಮಾಡುವ ಎಲ್ಲರನ್ನೂ ತಪಾಸಣೆಗೆ ಒಳಪಡಿಸಲೇಬೇಕು. ಇದಕ್ಕೆ ಕೇಂಬ್ರಿಜ್‌ನ ನವಜಾತ ಶಿಶು ಘಟಕವೊಂದರ ಪ್ರಕರಣ ಒಳ್ಳೆಯ ನಿದರ್ಶನ. ಅಲ್ಲಿ ಎಂಆರ್‌ಎಸ್‌ಎ ಹರಡಿ, ಘಟಕವನ್ನು ಚೆನ್ನಾಗಿ ಶುಚಿಗೊಳಿಸಿ, 64 ದಿನ ಹೊಸ ಪ್ರಕರಣವಿಲ್ಲದೆ ಕಳೆದ ಮೇಲೆ ಮತ್ತೊಂದು ಮಗುವಿನಲ್ಲಿ ಅದು ಕಾಣಿಸಿಕೊಂಡಿತು. ಬ್ಯಾಕ್ಟೀರಿಯಾಗಳ ಸಂಪೂರ್ಣ ವಂಶವಾಹಿ ವಿವರವನ್ನು ಹೋಲಿಸಿ ನೋಡಿದಾಗ ಅದು ಹಳೆಯ ತಳಿಯೇ ಎಂದು ತಿಳಿಯಿತು. 154 ಸಿಬ್ಬಂದಿಯ ತಪಾಸಣೆ ನಡೆಸಿದರು. ಒಬ್ಬರಲ್ಲಿ ಮಾತ್ರ ಎಂಆರ್‌ಎಸ್‌ಎ ಸಿಕ್ಕಿತು, ಅದು ಇದೇ ತಳಿಯದು. ಆ ಸಿಬ್ಬಂದಿಗೆ ಚಿಕಿತ್ಸೆ ನೀಡಿ ಬ್ಯಾಕ್ಟೀರಿಯಾವನ್ನು ಹೋಗಲಾಡಿಸಲಾಯಿತು. 2012ರಲ್ಲಿ ಪ್ರಕಟವಾದ ಆ ವರದಿಯಲ್ಲಿ ಅವರು ಯಾರೆಂಬ ಸುಳಿವು ಎಲ್ಲೂ ಇಲ್ಲ. ಹಾಗಿರಬೇಕು.

ಚಿಕಿತ್ಸೆಯೂ ಕಷ್ಟದ್ದೇನಲ್ಲ. ಮೂಗಿನ ಹೊಳ್ಳೆಗಳಿಗೆ ಐದು ದಿನ ಮುಪಿರೋಸಿನ್ ಮುಲಾಮು, ಜೊತೆಗೆ ಕ್ಲೋರ್‌ಹೆಕ್ಸಿಡಿನ್ ದ್ರಾವಣದ ಸ್ನಾನ, ಆಮೇಲೆ ಮರುಪರೀಕ್ಷೆ. ಗಂಟಲಿನಲ್ಲಿ ನೆಲೆಯೂರಿದ್ದರೆ ಹೋಗಲಾಡಿಸುವುದು ತಡವಾಗಬಹುದು. ಮನೆಯವರಲ್ಲಿ ಯಾರಿಗಾದರೂ ಇದ್ದರೆ ಮತ್ತೆ ಅಂಟಬಹುದು. ನೆದರ್‌ಲ್ಯಾಂಡ್ಸ್‌ನಲ್ಲಿ ವಾಹಕರನ್ನು ಹುಡುಕಿ ಚಿಕಿತ್ಸೆ ಕೊಡುವ ನೀತಿಯನ್ನು ದಶಕಗಳಿಂದ ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದಾರೆ. ವಾಹಕರೆಂದು ತಿಳಿದ ಸಿಬ್ಬಂದಿಯನ್ನು ಗುಣವಾಗುವ ತನಕ ರೋಗಿಗಳ ಆರೈಕೆಯಿಂದ ದೂರವಿಡುತ್ತಾರೆ. ಎಂಆರ್‌ಎಸ್‌ಎ ಅತಿ ಕಡಿಮೆ ಇರುವ ದೇಶಗಳ ಸಾಲಿನಲ್ಲಿ ಆ ದೇಶ ಇರುವುದಕ್ಕೆ ಈ ನೀತಿಯೂ ಒಂದು ಕಾರಣ.

ಆದರೆ ಕಾಗದದ ಮೇಲಿನ ನೀತಿ ವಾರ್ಡಿಗೆ ಇಳಿಯುವುದು ಭಯ ಇಲ್ಲದಿದ್ದಾಗ ಮಾತ್ರ. ನಾನು ಕೆಲಸ ಮಾಡುತ್ತಿದ್ದಾಗ, ಸ್ವಾಬ್ ಕೊಡಲು ಬಂದ ಒಬ್ಬ ಅನುಭವಿ ಶುಶ್ರೂಷಕಿ ಕುರ್ಚಿಯಲ್ಲಿ ಕೂರುವ ಮೊದಲೇ, “ಮೇಡಂ, ಪಾಸಿಟಿವ್ ಬಂದರೆ ಹೆಸರನ್ನು ನೋಟಿಸ್ ಬೋರ್ಡಿಗೆ ಹಾಕ್ತಾರಾ?” ಎಂದು ಕೇಳಿದರು. ಅವರ ಹಿಂದೆ ಸರದಿಯಲ್ಲಿದ್ದ ಆಯಾಗೆ ಹೆಸರಿನ ಚಿಂತೆಯಿರಲಿಲ್ಲ. “ಸಿಸ್ಟರ್, ಮನೆಗೆ ಕಳಿಸಿದರೆ ಆ ದಿನಗಳ ಕೂಲಿ ಕೊಡ್ತಾರಾ?” ಎಂದಷ್ಟೇ ಕೇಳಿದರು. ಮೊದಲನೆಯವರಿಗೆ ಇಲ್ಲ ಎಂದು ಧೈರ್ಯವಾಗಿ ಹೇಳಿದೆ. ಎರಡನೆಯವರಿಗೆ ಕೊಡಲು ನನ್ನಲ್ಲಿ ಉತ್ತರವಿರಲಿಲ್ಲ, ಏಕೆಂದರೆ ಅವರು ಗುತ್ತಿಗೆದಾರರ ಆಳು. ಆಸ್ಪತ್ರೆಯ ಹಾಜರಿ ಪುಸ್ತಕದಲ್ಲಿ ಅವರ ಹೆಸರೇ ಇರಲಿಲ್ಲ. ರೋಗಿಯ ಬೆಡ್‌ಪ್ಯಾನ್ ತೆಗೆಯುವ, ನೆಲ ಒರೆಸುವ, ಸ್ಟ್ರೆಚರ್ ತಳ್ಳುವ ಇವರು ದಿನದಲ್ಲಿ ವೈದ್ಯರಿಗಿಂತ ಹೆಚ್ಚು ಮಂಚಗಳನ್ನು ಮುಟ್ಟುತ್ತಾರೆ. ತಪಾಸಣೆ, ತರಬೇತಿ, ಲಸಿಕೆ, ರಜೆ ಯಾವುದರ ಪಟ್ಟಿಯಲ್ಲೂ ಇವರಿಲ್ಲದಿದ್ದರೆ ಉಳಿದವರಿಗೆ ಮಾಡಿದ ತಪಾಸಣೆಯಿಂದ ಸಿಗುವ ಪ್ರಯೋಜನ ಅಷ್ಟಕ್ಕಷ್ಟೇ.

ಅವಮಾನದ ಭಯ ಈ ವಿಷಯದಲ್ಲಿ ಹಳೆಯದು. 1847ರಲ್ಲಿ ವಿಯೆನ್ನಾದ ಆಸ್ಪತ್ರೆಯಲ್ಲಿ ಇಗ್ನಾಜ್ ಸೆಮ್ಮೆಲ್‌ವೈಸ್, ಶವ ಕೊಯ್ದ ಕೈಯಲ್ಲೇ ಹೆರಿಗೆ ವಾರ್ಡಿಗೆ ಬರುತ್ತಿದ್ದ ವೈದ್ಯರು ಮತ್ತು ವಿದ್ಯಾರ್ಥಿಗಳು ಕ್ಲೋರಿನ್ ಬೆರೆಸಿದ ಸುಣ್ಣದ ನೀರಿನಲ್ಲಿ ಕೈ ತೊಳೆಯಬೇಕೆಂದು ನಿಯಮ ಮಾಡಿದರು. ಆ ವರ್ಷದ ಏಪ್ರಿಲ್‌ನಲ್ಲಿ ಶೇ 18ರಷ್ಟಿದ್ದ ಬಾಣಂತಿಯರ ಸಾವು ಕೆಲವೇ ತಿಂಗಳಲ್ಲಿ ಶೇ 2ರ ಆಸುಪಾಸಿಗೆ ಇಳಿಯಿತು. ಆದರೂ ತಮ್ಮ ಕೈಗಳೇ ಸಾವನ್ನು ಹೊತ್ತು ತರುತ್ತಿದ್ದವು ಎಂಬ ಮಾತನ್ನು ಅಂದಿನ ಹಲವು ವೈದ್ಯರು ತಮ್ಮ ಗೌರವಕ್ಕೆ ಬಂದ ಕುಂದೆಂದೇ ಭಾವಿಸಿದರು. ಎರಡು ವರ್ಷಗಳ ನಂತರ ಸೆಮ್ಮೆಲ್‌ವೈಸ್ ಅವರ ಹುದ್ದೆ ಮುಂದುವರಿಯಲಿಲ್ಲ. ಬ್ಯಾಕ್ಟೀರಿಯಾಗಳಿಂದ ಕಾಯಿಲೆ ಬರುತ್ತದೆಂದು ಗೊತ್ತಿಲ್ಲದ ಕಾಲವದು ಎಂದು ಆ ವೈದ್ಯರನ್ನು ಕ್ಷಮಿಸೋಣ. ಎಲ್ಲವೂ ಗೊತ್ತಿರುವ ನಾವು ತಪಾಸಣೆಯ ವರದಿಯನ್ನು ಶಿಸ್ತುಕ್ರಮದ ಕಡತಕ್ಕೆ ಸೇರಿಸಿದರೆ ಅದಕ್ಕೆ ಕ್ಷಮೆಯಿಲ್ಲ.

ವಿಷಯದ ಗಾತ್ರ ಎಷ್ಟೆಂಬುದನ್ನೂ ಓದುಗರು ಅರಿಯಬೇಕು. ಔಷಧಕ್ಕೆ ಮಣಿಯದ ಬ್ಯಾಕ್ಟೀರಿಯಾಗಳ ಸೋಂಕೇ ನೇರ ಕಾರಣವಾಗಿ 2019ರ ಒಂದೇ ವರ್ಷದಲ್ಲಿ ಜಗತ್ತಿನಾದ್ಯಂತ ಸುಮಾರು 12.7 ಲಕ್ಷ ಮಂದಿ ಸತ್ತರು ಎಂಬ ಅಂದಾಜಿದೆ. ಆಸ್ಪತ್ರೆಗೆ ಸೇರುವ ಪ್ರತಿ 100 ರೋಗಿಗಳಲ್ಲಿ, ಶ್ರೀಮಂತ ದೇಶಗಳಲ್ಲಾದರೆ 7 ಮಂದಿಗೆ, ಮಧ್ಯಮ ಹಾಗೂ ಕಡಿಮೆ ಆದಾಯದ ದೇಶಗಳಲ್ಲಾದರೆ 15 ಮಂದಿಗೆ ಅಲ್ಲಿರುವಾಗಲೇ ಕನಿಷ್ಠ ಒಂದು ಸೋಂಕು ತಗಲುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿತು. ಇವೆಲ್ಲ ಸಿಬ್ಬಂದಿಯಿಂದಲೇ ಬಂದವೆಂದು ಯಾರೂ ಹೇಳುವುದಿಲ್ಲ. ಆದರೆ ಹರಡುವ ಹಾದಿಗಳಲ್ಲಿ ನಮ್ಮ ಕೈಯಲ್ಲೇ ತಡೆಯಬಹುದಾದ ಹಾದಿಯಿದು.

ರೋಗಿಗಳ ಕಡೆಯವರಿಗೂ ಒಂದು ಕೋರಿಕೆ. ನಿಮ್ಮವರನ್ನು ಮುಟ್ಟುವ ಮೊದಲು ವೈದ್ಯರಾಗಲಿ ಶುಶ್ರೂಷಕಿಯಾಗಲಿ ಕೈ ಶುಚಿ ಮಾಡಿಕೊಂಡರೇ ಎಂದು ವಿನಯದಿಂದ ಕೇಳಿ. ಕೇಳುವ ಹಕ್ಕು ನಿಮಗಿದೆ, ಅದಕ್ಕೆ ಬೇಸರಿಸದಿರುವ ಹೊಣೆ ನಮ್ಮದು. ನೀವೂ ರೋಗಿಯ ಮಂಚದಿಂದ ಎದ್ದು ಪಕ್ಕದ ಮಂಚದವರನ್ನು ಮಾತನಾಡಿಸಲು ಹೋಗುವ ಮೊದಲು ಕೈ ಶುಚಿ ಮಾಡಿಕೊಳ್ಳಿ. ಸಿಬ್ಬಂದಿಯಲ್ಲಿ ಯಾರೋ ವಾಹಕರಿದ್ದರಂತೆ ಎಂಬ ಸುದ್ದಿ ಕಿವಿಗೆ ಬಿದ್ದರೆ ಅವರು ಯಾರೆಂದು ಹುಡುಕಲು ಹೋಗಬೇಡಿ. ಆಸ್ಪತ್ರೆ ಹುಡುಕಿ ಚಿಕಿತ್ಸೆ ಕೊಟ್ಟಿದೆ ಎಂದಾದರೆ ಅಲ್ಲಿ ಕೆಲಸ ಸರಿಯಾಗಿ ನಡೆಯುತ್ತಿದೆ ಎಂದೇ ಅರ್ಥ.

ಆರೋಗ್ಯ ಇಲಾಖೆಗಳು ಹಾಗೂ ಆಸ್ಪತ್ರೆಗಳ ಆಡಳಿತ ಮಂಡಳಿಗಳಲ್ಲಿ ನನ್ನ ಬೇಡಿಕೆ ಇಷ್ಟು. ಸಿಬ್ಬಂದಿಯ ತಪಾಸಣೆಯ ಫಲಿತಾಂಶ ಅವರಿಗೆ ಮತ್ತು ಸೋಂಕು ನಿಯಂತ್ರಣ ವಿಭಾಗಕ್ಕೆ ಮಾತ್ರ ತಿಳಿಯಬೇಕು. ಚಿಕಿತ್ಸೆಯ ದಿನಗಳಿಗೆ ಪೂರ್ತಿ ಸಂಬಳ ಸಿಗಬೇಕು, ಗುತ್ತಿಗೆಯವರಿಗೂ ಸಿಗಬೇಕು. ಚಿಕಿತ್ಸೆ ಮುಗಿದ ಮೇಲೆ ಅದೇ ಕೆಲಸಕ್ಕೆ, ಅದೇ ಸ್ಥಾನಕ್ಕೆ ಮರಳುವ ಭರವಸೆಯಿರಬೇಕು. ಸೋಂಕು ಹರಡಿ ಗದ್ದಲವೆದ್ದ ಮೇಲೆ ತರಾತುರಿಯಲ್ಲಿ ಹೊರಡಿಸುವ ಸುತ್ತೋಲೆಯನ್ನು ಯಾರೂ ನಂಬುವುದಿಲ್ಲ. ಆದ್ದರಿಂದ ಇದನ್ನು ಮೊದಲೇ ನಿಯಮವಾಗಿ ಬರೆದು, ಕೆಲಸಕ್ಕೆ ಸೇರುವ ದಿನವೇ ವೈದ್ಯರಿಂದ ಹಿಡಿದು ನೆಲ ಒರೆಸುವವರವರೆಗೆ ಪ್ರತಿಯೊಬ್ಬರಿಗೂ ಓದಿ ಹೇಳಿ, ಅವರ ಕೈಗೆ ಅದರ ಪ್ರತಿ ಕೊಡಬೇಕು.

ಇತಿ ತಮ್ಮ ವಿಶ್ವಾಸಿ,
ಸೋಂಕು ನಿಯಂತ್ರಣ ವಿಭಾಗದ ಒಬ್ಬ ನಿವೃತ್ತ ಶುಶ್ರೂಷಕಿ